ಬಿರುದಿನ ಮರೆಯ ಅರಸ: ಬೆಳ್ವೊಲ ನಾಡಿನ ಗದ್ಯಾಣ ಮತ್ತು ಪಾರ್ಥಿಯನ್ ದ್ರಮ್ಮ

ಗಂಗಾಧರಂ ಶಾಸನದ ಮೂಲಕ ಪಂಪನ ತಾಯಿಯ ತವರೆಂದು ಕನ್ನಡ ಅಧ್ಯಯನಕಾರರಿಗೆ ಪರಿಚಿತವಾದ ಅಣ್ಣಿಗೇರಿಯು ಬೆಳ್ವೊಲ-300ರ ಮುಖ್ಯ ಪಟ್ಟಣ. ಅದೇ ನಾಡಿನ ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿತ್ತು. ಶಾಸನಗಳಲ್ಲಿ ಬರುವ ‘ಲೊಕ್ಕಿ ಗದ್ಯಾಣ’ ಈ ಊರಿನ ಹೆಸರನ್ನೇ ಹೊತ್ತಿದೆ. (ಟಂಕಸಾಲೆಗೆ ಕನ್ನಡದ ಹಳೆಯ ಮಾತು ‘ಕಮ್ಮಟ’, ಇಂದು ಅದು ಕಾವ್ಯಕಮ್ಮಟಗಳಲ್ಲಿ ಮಾತ್ರ ಉಳಿದಂತಿದೆ.)

ಈ ಗದ್ಯಾಣಗಳಲ್ಲಿ ಅರಸನ ಮುಖವಿಲ್ಲ. ತೆಳುವಾದ ಚಿನ್ನದ ಬಿಲ್ಲೆಯ ಮೇಲೆ ಸಿಂಹ, ದೇಗುಲ ಮುಂತಾದ ಚಿಹ್ನೆಗಳನ್ನೂ ಬಿರುದಿನ ಅಕ್ಷರಗಳನ್ನೂ ಬಿಡಿ ಬಿಡಿ ಮುದ್ರೆಗಳಿಂದ ಒತ್ತಲಾಗಿದೆ. ಸಮಸ್ಯೆ ಹುಟ್ಟುವುದು ಇಲ್ಲಿಯೇ. ‘ಜಗದೇಕಮಲ್ಲ’ ಎಂಬುದು ಎರಡನೆಯ ಜಯಸಿಂಹನ (ಸು. 1015-1043) ಬಿರುದೂ ಹೌದು, 1138ರಲ್ಲಿ ಪಟ್ಟಕ್ಕೆ ಬಂದ ಪೆರ್ಮನದೂ ಹೌದು. ‘ತ್ರಿಭುವನಮಲ್ಲ’ನೆಂದರೆ ಆರನೆಯ ವಿಕ್ರಮಾದಿತ್ಯನೇ (1076-1126) ಎಂದು ಭಾವಿಸುವುದು ರೂಢಿ, ಆದರೆ 1184ರ ಬಳಿಕ ಅಣ್ಣಿಗೇರಿಯಿಂದ ಆಳಿದ ನಾಲ್ಕನೆಯ ಸೋಮೇಶ್ವರನೂ ಅದನ್ನೇ ಧರಿಸಿದ್ದನು.

ಇರಾನಿನ ಪಾರ್ಥಿಯನ್ ಅರಸರ ಬೆಳ್ಳಿ ನಾಣ್ಯಗಳಲ್ಲಿ ಇದಕ್ಕೆ ವಿಲೋಮವಾದ ಸ್ಥಿತಿ ಕಾಣುತ್ತದೆ. ಸುಮಾರು 4 ಗ್ರಾಂ ತೂಗುವ ಆ ನಾಣ್ಯದ ಗ್ರೀಕ್ ಹೆಸರಾದ ದ್ರಾಖ್ಮೆಯೇ ನಮ್ಮ ಶಾಸನಗಳ ‘ದ್ರಮ್ಮ’ಕ್ಕೆ ಮೂಲ. ಅದರ ಮುಂಬದಿಯಲ್ಲಿ ಪಟ್ಟಿಕೆ ಅಥವಾ ಕಿರೀಟ ತೊಟ್ಟ ರಾಜನ ಮುಖ, ಹಿಂಬದಿಯಲ್ಲಿ ಬಿಲ್ಲು ಹಿಡಿದು ಕುಳಿತ ಬಿಲ್ಲುಗಾರ, ಸುತ್ತ ಗ್ರೀಕ್ ಬಿರುದುಗಳು. ಕ್ರಿ.ಶ. 224ರಲ್ಲಿ ಅಳಿದ ಈ ವಂಶದ ಬಹುತೇಕ ಅರಸರು ನಾಣ್ಯದಲ್ಲಿ ತಮ್ಮನ್ನು ‘ಅರ್ಸಾಕೆಸ್’ ಎಂದಷ್ಟೇ ಕರೆದುಕೊಂಡರು. ಅದು ಮೂಲಪುರುಷನ ಹೆಸರು. ಅಲ್ಲಿ ಮುಖವಿದೆ, ವ್ಯಕ್ತಿನಾಮವಿಲ್ಲ. ಹೀಗಾಗಿ ಗಡ್ಡದ ಉದ್ದ, ಕಿರೀಟದ ಬಗೆ, ಬಿರುದುಗಳ ಹೆಚ್ಚಳ ಇವುಗಳಿಂದ ವಿದ್ವಾಂಸರು ಕಾಲಕ್ರಮವನ್ನು ಕಟ್ಟಬೇಕಾಯಿತು.

ಆ ಅನುಕೂಲ ಬೆಳ್ವೊಲದ ಸಂಶೋಧಕನಿಗಿಲ್ಲ. ಅವನಿಗಿರುವುದು ಅಕ್ಷರ. ನಾಣ್ಯದ ಲಿಪಿಯನ್ನು ತೇದಿಯುಳ್ಳ ಶಾಸನಗಳ ಲಿಪಿಯೊಡನೆ ಹೋಲಿಸದೆ ಬಿರುದೊಂದರಿಂದಲೇ ಅರಸನನ್ನು ನಿರ್ಧರಿಸುವುದು ಅವಸರದ ಕ್ರಮವೆನ್ನಬೇಕು. ಆದರೂ ನೂರಿನ್ನೂರು ವರ್ಷಗಳ ಅಂತರದಲ್ಲಿ, ಅದರಲ್ಲೂ ಮುದ್ರೆಯೊತ್ತುಗಳ ಕಿರುಜಾಗದಲ್ಲಿ, ಲಿಪಿಭೇದ ಸದಾ ಸ್ಪಷ್ಟವಾಗಿರುವುದಿಲ್ಲ. ಆಗ ನಾಣ್ಯ ದೊರೆತ ನೆಲೆ ಹಾಗೂ ಅದರ ಜೊತೆಗಿದ್ದ ಇತರ ನಾಣ್ಯಗಳೇ ಗತಿ. ಎರೆಹೊಲದಲ್ಲಿ ಸಿಕ್ಕ ಹೊನ್ನು ನೇರವಾಗಿ ಅಕ್ಕಸಾಲಿಗನ ಮೂಸೆಗಿಳಿದರೆ ಈ ಸಾಕ್ಷ್ಯವೂ ಕರಗುತ್ತದೆ. ತೂಕಕ್ಕೆ ಬೆಲೆ ಕಟ್ಟಿದವನಿಗೆ ಅದು ಯಾವ ತ್ರಿಭುವನಮಲ್ಲನದು ಎಂಬ ಪ್ರಶ್ನೆ ಏಳುವುದಿಲ್ಲ.