ಡ್ರಾಯಿಂಗ್ ಕಳಿಸುವ ಮುನ್ನ

ಡಿಸೈನ್ ವಿಭಾಗದ ಗೆಳೆಯರೇ, ಕ್ಯಾಡ್ ಫೈಲನ್ನು ಇಮೇಲಿನಲ್ಲಿ ಕಳಿಸಿದೊಡನೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಏರ್‌ಬಸ್ ಎ380 ವಿಮಾನ ಕಟ್ಟುವಾಗ ಹ್ಯಾಂಬರ್ಗ್‌ನವರು ಕಟಿಯಾ ತಂತ್ರಾಂಶದ 4ನೇ ಆವೃತ್ತಿಯಲ್ಲಿ, ಟುಲೂಸ್‌ನವರು 5ನೇ ಆವೃತ್ತಿಯಲ್ಲಿ ಕೆಲಸ ಮಾಡುತ್ತಿದ್ದರು. ಎರಡರ ಮಾಹಿತಿ ಸರಿಯಾಗಿ ಹೊಂದಲಿಲ್ಲ. ಜೋಡಿಸಲು ಹೋದಾಗ ವೈರುಗಳ ಉದ್ದವೇ ಸಾಲಲಿಲ್ಲ. 2006ರಲ್ಲಿ ವಿಮಾನಗಳ ಪೂರೈಕೆ ಮತ್ತೆ ಮತ್ತೆ ಮುಂದೆ ಹೋಯಿತು.

ಹಾಗಾಗಿ ಪಡೆಯುವವರು ಏನು ಬಳಸುತ್ತಾರೆ ಎಂದು ನೋಡಿ ಕಳಿಸಿ. ಖರೀದಿ ವಿಭಾಗದವರ ಬಳಿ ಸಾಮಾನ್ಯವಾಗಿ ಕ್ಯಾಡ್ ಇರುವುದಿಲ್ಲ, ಅವರಿಗೆ ಪಿಡಿಎಫ್ ಕೊಡಿ. ಬೇರೆ ತಂತ್ರಾಂಶ ಬಳಸುವವರಿಗೆ ಸ್ಟೆಪ್ ಫೈಲು ಕಳಿಸಿ. ಅದರಲ್ಲಿ ಆಕಾರ ಅವರಿಗೆ ತಲುಪುತ್ತದೆ, ಆದರೆ ನೀವು ಮಾಡೆಲ್ ಕಟ್ಟಿದ ಹಂತಗಳು ತಲುಪುವುದಿಲ್ಲ. ಎಲ್ಲಕ್ಕಿಂತ ಮುಖ್ಯ ರಿವಿಷನ್ ನಂಬರ್. ‘ಫೈನಲ್’, ‘ಹೊಸ ಫೈನಲ್’ ಎಂಬ ಹೆಸರುಗಳು ದಯವಿಟ್ಟು ಬೇಡ. ಲೇತಿನ ಮುಂದೆ ನಿಂತವರು ನಂಬುವುದು ಗೋಡೆಗೆ ಅಂಟಿಸಿದ ಪ್ರಿಂಟನ್ನು. ರಿವಿಷನ್ ಬದಲಾದ ದಿನವೇ ಖುದ್ದಾಗಿ ಹೋಗಿ ಹಳೆಯದನ್ನು ತೆಗೆಸಿ, ಹೊಸದನ್ನು ಅಂಟಿಸಿ ಬನ್ನಿ.