ಕಿವಿಯಿಂದ ಕಾಗದಕ್ಕೆ: ಕಥೆ ಬರೆಯುವವರಿಗೆ ಹುಕ್ಕೇರಿ ಸೀಮೆಯ ಪಾಠಗಳು

ಕಥೆ, ಕವಿತೆ, ನಾಟಕ ಬರೆಯಲು ಹೊರಟವರಿಗೆ ಮೊದಲು ಬೇಕಾದದ್ದು ಕಿವಿ. ಅಲಂಕಾರ, ತಂತ್ರ, ಪದಸಂಪತ್ತು ಎಲ್ಲ ಆಮೇಲಿನವು. ಈ ಮಾತಿಗೆ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಗಿಂತ ಒಳ್ಳೆಯ ಪುರಾವೆ ಸಿಗುವುದು ಕಷ್ಟ. 2010ನೇ ಸಾಲಿನ ಜ್ಞಾನಪೀಠ ಪುರಸ್ಕೃತ ಚಂದ್ರಶೇಖರ ಕಂಬಾರರು ಹುಟ್ಟಿದ್ದು 1937ರಲ್ಲಿ, ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ‘ಆನಂದಕಂದ’ ಎಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರದು ಗೋಕಾಕ ತಾಲ್ಲೂಕಿನ ಬೆಟಗೇರಿ, ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರದು ಅದೇ ತಾಲ್ಲೂಕಿನ ಮಲಾಮರಡಿ. ಮೂವರೂ ಹಿಡಿದ ದಾರಿ ಬೇರೆ ಬೇರೆ. ಆದರೆ ಸುತ್ತಲಿನ ಜನರ ಮಾತು, ಹಾಡು, ಹೋರಾಟವೇ ಮೂವರ ಬರವಣಿಗೆಯ ಬಂಡವಾಳ. ಹೊಸದಾಗಿ ಬರೆಯುವವರು ಹೆಜ್ಜೆ ಹೆಜ್ಜೆಯಾಗಿ ರೂಢಿಸಿಕೊಳ್ಳಬಹುದಾದ ಕ್ರಮವೊಂದು ಇಲ್ಲಿದೆ.

ಕೇಳಿದ್ದನ್ನು ಕೇಳಿದ ಹಾಗೆ

ಕಿಸೆಯಲ್ಲಿ ಹಿಡಿಯುವ ಒಂದು ಸಣ್ಣ ವಹಿ ಸಾಕು. ಮೊಬೈಲ್ ಆದರೂ ನಡೆಯುತ್ತದೆ. ಸಂಕೇಶ್ವರದ ಪೇಟೆಯಲ್ಲಿ ಮೆಣಸಿನಕಾಯಿಗೆ ನಡೆಯುವ ಚೌಕಾಸಿ, ಕಬ್ಬು ಕಡಿಯುವ ಗ್ಯಾಂಗಿನವರ ತಕರಾರು, ಬಸ್ ಸ್ಟ್ಯಾಂಡಿನಲ್ಲಿ ಮಗಳನ್ನು ಬಸ್ ಹತ್ತಿಸುವ ತಾಯಿಯ ಮಾತು: ದಿನಕ್ಕೆ ಇಂಥದೊಂದು ಸಾಲು ಬರೆದಿಟ್ಟರೆ ಆಯಿತು. ಬರೆಯುವಾಗ ಅದನ್ನು ಪುಸ್ತಕದ ಭಾಷೆಗೆ ತಿದ್ದಬಾರದು. ‘ಮುಟ್ಟಿದ ಕೂಡ್ಲೆ ಫೋನ್ ಮಾಡವಾ, ಮರೀಬ್ಯಾಡ’ ಎಂಬುದನ್ನು ‘ತಲುಪಿದ ತಕ್ಷಣ ದೂರವಾಣಿ ಕರೆ ಮಾಡು’ ಎಂದು ಬರೆದರೆ ಸುದ್ದಿ ಉಳಿಯುತ್ತದೆ, ತಾಯಿ ಮಾಯವಾಗುತ್ತಾಳೆ. ಸಾಲಿನ ಪಕ್ಕದಲ್ಲಿ ಹೊತ್ತು, ಮಾತಾಡಿದವರ ಅಂದಾಜು ವಯಸ್ಸು, ಅವರ ಕೈಯಲ್ಲಿದ್ದ ವಸ್ತು ಇಷ್ಟನ್ನು ಗುರುತಿಸಿಟ್ಟುಕೊಳ್ಳಬೇಕು. ಹೆಸರು ಬೇಡ. ಅವರಿಗೆ ಗೊತ್ತಿಲ್ಲದಂತೆ ರೆಕಾರ್ಡ್ ಮಾಡುವುದಂತೂ ಸಲ್ಲದು.

ಸಾಲಿನಿಂದ ಕಥೆಗೆ

ಕೇಳಿದ ಸಾಲು ತಾನಾಗಿಯೇ ಕಥೆಯಾಗುವುದಿಲ್ಲ. ಅದಕ್ಕೆ ಎರಡು ಪ್ರಶ್ನೆ ಹಾಕಬೇಕು: ಇಲ್ಲಿ ಯಾರಿಗೆ ಏನು ಬೇಕಾಗಿದೆ? ಅದು ಸಿಗದಂತೆ ತಡೆದಿರುವುದು ಯಾವುದು?

ಈ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ (1972) ತಕ್ಕ ಮಾದರಿ. ಗಣೇಶ ಚೌತಿಯ ನಂತರ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಜೋಕುಮಾರನನ್ನು ಬೇವಿನ ಸೊಪ್ಪಿನೊಂದಿಗೆ ಬುಟ್ಟಿಯಲ್ಲಿ ಕೂರಿಸಿ, ಹಾಡುತ್ತ ಮನೆಮನೆಗೆ ಒಯ್ಯುತ್ತಾರೆ. ಮಳೆ, ಬೆಳೆ, ಸಂತಾನ ಕೊಡುವ ದೇವರು ಅವನು. ಈ ಆಚರಣೆಯನ್ನು ನೋಡಿದವರು ಸಾವಿರಾರು ಜನ. ಕಂಬಾರರು ಅದರ ನಡುವೆ ಮಕ್ಕಳಿಲ್ಲದ ಗೌಡತಿಯನ್ನು ನಿಲ್ಲಿಸಿದರು. ಆಕೆಗೆ ಬೇಕಾದದ್ದು ಮಗು. ಊರಿನ ಭೂಮಿಯನ್ನೆಲ್ಲ ಹಿಡಿತದಲ್ಲಿಟ್ಟುಕೊಂಡ ಗೌಡನಿಗೆ ಅದನ್ನು ಕೊಡುವ ಶಕ್ತಿಯಿಲ್ಲ. ಮಗುವಾಗಲೆಂಬ ನಂಬಿಕೆಯಿಂದ ಗೌಡನಿಗೆಂದು ಮಾಡಿದ ಪಡವಲಕಾಯಿ ಪಲ್ಯ ಹೊಲ ಉಳುವ ಬಸಣ್ಣನ ಪಾಲಾಗುತ್ತದೆ. ಅಲ್ಲಿಂದ ಮುಂದೆ ಹೆಣ್ಣು ಯಾರವಳು ಎಂಬ ಪ್ರಶ್ನೆಯೂ ಭೂಮಿ ಯಾರದು ಎಂಬ ಪ್ರಶ್ನೆಯೂ ಒಂದಕ್ಕೊಂದು ಹೆಣೆದುಕೊಂಡು ಬಸಣ್ಣನ ಕೊಲೆಯವರೆಗೆ ಹೋಗುತ್ತವೆ. ಆಚರಣೆಯನ್ನು ವರ್ಣಿಸಿ ಕೈಬಿಟ್ಟಿದ್ದರೆ ಅದೊಂದು ಜಾನಪದ ಲೇಖನವಾಗಿ ನಿಲ್ಲುತ್ತಿತ್ತು. ಬೇಕು ಮತ್ತು ತಡೆ ಎದುರುಬದುರಾದದ್ದರಿಂದ ಅದು ನಾಟಕವಾಯಿತು.

ಅಭ್ಯಾಸಕ್ಕೆ ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಊರಿನ ಒಂದು ಜಾತ್ರೆ, ಒಂದು ಹರಕೆ, ಕಾಲುವೆ ನೀರಿನ ಒಂದು ಪಾಳಿ ಆರಿಸಿಕೊಂಡು, ಅದರಲ್ಲಿ ಏನನ್ನೋ ಬಯಸುವ ಒಬ್ಬರನ್ನು ಇಟ್ಟು ಒಂದು ಪುಟ ಬರೆಯಬೇಕು.

ಊರನ್ನು ಕಟ್ಟುವುದು

ಕಂಬಾರರ ಹಲವು ಕೃತಿಗಳು ನಡೆಯುವುದು ಶಿವಾಪುರದಲ್ಲಿ. ‘ಕರಿಮಾಯಿ’ ಕಾದಂಬರಿಯ ಊರೂ ಅದೇ. ಕಲ್ಪನೆಯ ಊರಾದರೂ ಅದರ ಗುಡಿ, ಹೊಲ, ಗೌಡರ ವಾಡೆ ಓದುಗರ ಕಣ್ಣಿಗೆ ಕಟ್ಟುತ್ತವೆ. ಕಥೆಯ ಊರಿನ ನಕ್ಷೆಯನ್ನು ಕಾಗದದ ಮೇಲೆ ಬಿಡಿಸಿಟ್ಟುಕೊಳ್ಳುವುದು ಉಪಯುಕ್ತ ಅಭ್ಯಾಸ. ಹೊಳೆ ಯಾವ ದಿಕ್ಕಿಗೆ, ನೀರಿನ ಟಾಕಿ ಎಲ್ಲಿ, ಯಾರ ಮನೆಯ ಕಟ್ಟೆಯಿಂದ ಯಾರ ಬಾಗಿಲು ಕಾಣುತ್ತದೆ ಎಂಬುದು ತಿಳಿದಿದ್ದರೆ, ಯಾರು ಯಾರನ್ನು ನೋಡಿದರು ಎಂಬ ಘಟನೆಗಳು ತಾವಾಗಿ ಹುಟ್ಟುತ್ತವೆ.

ಕಟ್ಟೀಮನಿಯವರ ದಾರಿ ಇನ್ನೊಂದು ಬಗೆಯದು. 1942ರ ಚಳವಳಿಯಲ್ಲಿ ಜೈಲು ಕಂಡವರು, ಪತ್ರಕರ್ತರಾಗಿ ದುಡಿದವರು ಅವರು. ಆ ಚಳವಳಿಯನ್ನೇ ‘ಮಾಡಿ ಮಡಿದವರು’ ಕಾದಂಬರಿಗೆ ವಸ್ತುವಾಗಿಸಿಕೊಂಡರು. ತಾವು ದುಡಿದ ಜಾಗ, ತಮಗೆ ಗೊತ್ತಿರುವ ಕಸುಬು ಹೊಸಬರಿಗೆ ಗಟ್ಟಿ ನೆಲ. ಗಿರಣಿಯ ಪಾಳಿ, ಸೊಸೈಟಿಯ ಸಾಲ, ಬೆಲ್ಲದ ಗಾಣ ಗೊತ್ತಿರುವವರು ಕಾಣದ ಮಹಾನಗರದ ಕಥೆಯಿಂದ ಆರಂಭಿಸಬೇಕಾಗಿಲ್ಲ.

ಮೊದಲ ಕರಡನ್ನು ಒಂದೇ ಪಟ್ಟಿಗೆ ಬರೆದು ಮುಗಿಸುವುದು ಒಳ್ಳೆಯದು. ನಡುವೆ ನಿಂತು ತಿದ್ದತೊಡಗಿದರೆ ಬಹಳ ಕಥೆಗಳು ಎರಡನೇ ಪುಟದಲ್ಲಿಯೇ ನಿಲ್ಲುತ್ತವೆ.

ನಿರೂಪಣೆ ಒಂದು, ಮಾತು ಇನ್ನೊಂದು

ಊರಿನ ಮಾತನ್ನು ಎಷ್ಟು ಬಳಸಬೇಕು ಎಂಬುದು ಈ ಭಾಗದ ಹೊಸ ಬರಹಗಾರರನ್ನು ಹೆಚ್ಚು ಕಾಡುವ ಪ್ರಶ್ನೆ. ಇದಕ್ಕೆ ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದಲ್ಲಿ ಒಂದು ಉತ್ತರವಿದೆ. ಈಗ ಮೂಡಲಗಿ ತಾಲ್ಲೂಕಿನಲ್ಲಿರುವ ಕುಲಗೋಡದ ತಮ್ಮಣ್ಣ ಆ ಆಟಕ್ಕೆ ರೂಪ ಕೊಟ್ಟವರಲ್ಲಿ ಪ್ರಮುಖರು. ಕೌಜಲಗಿ ನಿಂಗಮ್ಮ ಅದನ್ನು ಆಡಿ ಹೆಸರಾದವರು. ಪಾರಿಜಾತದ ಹಾಡುಗಳ ಭಾಷೆ ಗ್ರಾಂಥಿಕಕ್ಕೆ ಹತ್ತಿರ. ಭಾಗವತ ಮತ್ತು ದೂತಿ ಮಾತಿಗಿಳಿದರೆ ಮಾತ್ರ ಅಪ್ಪಟ ಊರಿನ ಆಡುನುಡಿ. ಕಥೆಯಲ್ಲೂ ಹೀಗೆ ಎರಡು ಪದರ ಇಟ್ಟುಕೊಳ್ಳಬಹುದು: ನಿರೂಪಣೆ ಸರಳ ಕನ್ನಡದಲ್ಲಿ, ಸಂಭಾಷಣೆ ಊರಿನ ಬಾಯಲ್ಲಿ. ಇಡೀ ನಿರೂಪಣೆಯನ್ನೇ ಆಡುಮಾತಿನಲ್ಲಿ ನಡೆಸುವುದು ಹೆಚ್ಚಿನ ಸಿದ್ಧತೆ ಬೇಡುವ ಕೆಲಸ. ಅದನ್ನು ನಾಲ್ಕಾರು ಕಥೆ ಬರೆದಾದ ಮೇಲೆ ಕೈಗೆತ್ತಿಕೊಳ್ಳುವುದು ಲೇಸು. ಮೈಸೂರು ಕಡೆಯ ಓದುಗರಿಗೆ ತಿಳಿಯಲಿಕ್ಕಿಲ್ಲ ಎಂಬ ಅಂಜಿಕೆಯಿಂದ ಪಾತ್ರಗಳ ಬಾಯಿಂದ ಊರಿನ ಮಾತು ಕಿತ್ತುಕೊಳ್ಳುವುದಂತೂ ಬೇಡ. ಸಂದರ್ಭ ಸ್ಪಷ್ಟವಿದ್ದರೆ ಅರ್ಥ ಓದುಗರಿಗೆ ದಕ್ಕುತ್ತದೆ.

ತಿದ್ದುವ ಹಂತ

ಬರೆದದ್ದನ್ನು ಒಂದು ವಾರ ಮುಚ್ಚಿಡಬೇಕು. ನಂತರ ಭಾವನೆಯ ಹೆಸರು ಹೇಳುವ ಪದಗಳಿಗೆ, ಅಂದರೆ ಸಿಟ್ಟು, ದುಃಖ, ಸಂತೋಷದಂಥವುಗಳಿಗೆ ಗೆರೆ ಎಳೆದು, ಅವುಗಳ ಜಾಗದಲ್ಲಿ ಕಾಣುವ ಕೇಳುವ ಸಂಗತಿ ತರಬಹುದೇ ಎಂದು ನೋಡಬೇಕು. ಕರಡಿನಲ್ಲಿ ಹೀಗಿದೆ ಎಂದಿಟ್ಟುಕೊಳ್ಳೋಣ:

‘ಮಗ ತಡವಾಗಿ ಬಂದದ್ದಕ್ಕೆ ತಾಯಿಗೆ ಬಹಳ ಸಿಟ್ಟು ಬಂದಿತ್ತು. ಆದರೂ ಆಕೆಗೆ ಅವನ ಮೇಲೆ ಪ್ರೀತಿಯಿತ್ತು.’

ತಿದ್ದಿದ ಮೇಲೆ:

‘ಮಗ ಒಳಗೆ ಬಂದ. ತಾಯಿ ತಲೆ ಎತ್ತದೆ ಹಿಟ್ಟಿನ ಪರಾತ ಮುಂದಕ್ಕೆ ಎಳೆದುಕೊಂಡಳು. ರೊಟ್ಟಿ ಬಡಿಯುವ ಸಪ್ಪಳ ಎಂದಿಗಿಂತ ಜೋರಿತ್ತು. “ಕೈಕಾಲ ತೊಳಕೊಂಡ ಬಾ. ಪಲ್ಯಾ ಆರೇತಿ” ಅಂದಳು.’

ಎರಡನೆಯದರಲ್ಲಿ ಸಿಟ್ಟೂ ಇಲ್ಲ, ಪ್ರೀತಿಯೂ ಇಲ್ಲ ಎನ್ನುವಂತಿದೆ. ಆದರೆ ಆರಿದ ಪಲ್ಯ ಎಷ್ಟು ಹೊತ್ತು ಕಾದಳೆಂದು ಹೇಳುತ್ತದೆ, ಸಪ್ಪಳ ಸಿಟ್ಟನ್ನು ಹೇಳುತ್ತದೆ. ಅಷ್ಟು ಹೊತ್ತಿನಲ್ಲೂ ಬಿಸಿ ರೊಟ್ಟಿಯೇ ಬಡಿಯುತ್ತಿದ್ದಾಳೆ ಎಂಬುದು ಉಳಿದದ್ದನ್ನು ಹೇಳುತ್ತದೆ. ಎಲ್ಲ ಕಡೆ ಹೀಗೆ ಮಾಡಿದರೆ ಕಥೆ ಭಾರವಾಗುತ್ತದೆ. ಮುಖ್ಯವಾದ ಎರಡು ಮೂರು ಜಾಗಗಳಲ್ಲಿ ಮಾಡಿದರೆ ಸಾಕು.

ಮುಂದಿನದು ಗಟ್ಟಿಯಾಗಿ ಓದುವುದು. ನಾಲಿಗೆ ತೊಡರುವ ವಾಕ್ಯವನ್ನು ಮುರಿಯಬೇಕು. ಮೊದಲ ಪ್ಯಾರಾ ಕೈಬಿಟ್ಟು ಎರಡನೆಯದರಿಂದ ಓದಿ ನೋಡುವುದೂ ಒಳ್ಳೆಯದು. ಬಹಳ ಸಲ ಕಥೆ ನಿಜವಾಗಿ ಆರಂಭವಾಗುವುದು ಅಲ್ಲಿಂದಲೇ.

ಓದು ಮತ್ತು ಓದುಗ

ಶಾಲೆಯ ದಿನಗಳಲ್ಲಿ ಕಂಬಾರರ ಮೇಲೆ ಪ್ರಭಾವ ಬೀರಿದವರಲ್ಲಿ ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕಾದಂಬರಿಕಾರ ಕೃಷ್ಣಮೂರ್ತಿ ಪುರಾಣಿಕರೂ ಒಬ್ಬರು. ಬರೆಯುವವರೊಬ್ಬರು ಹತ್ತಿರ ಇರುವುದು ಭಾಗ್ಯ. ಇಲ್ಲದವರು ಗ್ರಂಥಾಲಯಕ್ಕೆ ಹೋಗಿ ಇಷ್ಟವಾದ ಒಂದು ಕಥೆಯನ್ನು ಎರಡು ಸಲ ಓದಬೇಕು. ಮೊದಲ ಸಲ ಸುಖಕ್ಕೆ, ಎರಡನೇ ಸಲ ಪೆನ್ಸಿಲ್ ಹಿಡಿದು, ಪ್ರತಿ ಪ್ಯಾರಾ ಮಾಡುವ ಕೆಲಸವನ್ನು ಅಂಚಿನ ಚೀಟಿಯಲ್ಲಿ ಗುರುತಿಸುತ್ತ. ತಮ್ಮ ಕಥೆಯನ್ನು ಮೊದಲು ತೋರಿಸುವಾಗ ‘ಹೇಗಿದೆ’ ಎಂದು ಕೇಳುವ ಬದಲು ‘ಎಲ್ಲಿ ಬೇಸರ ಬಂತು’ ಎಂದು ಕೇಳಿದರೆ ಉಪಯೋಗಕ್ಕೆ ಬರುವ ಉತ್ತರ ಸಿಗುತ್ತದೆ.

ಪತ್ರಿಕೆಗೆ ಕಳಿಸುವ ಮುನ್ನ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಪತ್ರಿಕೆ ಕೇಳುವ ಪದಮಿತಿಗೆ ಇಳಿಸಿ, ಒಂದು ಕಡೆಯ ಉತ್ತರ ತಿಳಿಯುವ ತನಕ ಇನ್ನೊಂದು ಕಡೆಗೆ ಕಳಿಸದೆ ಇರಬೇಕು. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳ ಪ್ರಕಟಣೆ ಹಬ್ಬಕ್ಕೆ ಸಾಕಷ್ಟು ಮೊದಲೇ ಬರುವುದರಿಂದ ಮಳೆಗಾಲದಲ್ಲಿಯೇ ಕರಡು ಸಿದ್ಧವಿರುವುದು ಒಳ್ಳೆಯದು. ಒಂದು ಪುಸ್ತಕಕ್ಕೆ ಆಗುವಷ್ಟು ಕಥೆ ಕೂಡಿದ ಮೇಲೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಕನ್ನಡ ಪುಸ್ತಕ ಪ್ರಾಧಿಕಾರದ ಯೋಜನೆಗೆ, ಅದು ಅರ್ಜಿ ಕರೆದಾಗ ಹಸ್ತಪ್ರತಿ ಸಲ್ಲಿಸಬಹುದು.