ಹಳೇ ಬಡಾವಣೆಗೆ ಮರುಜೀವ: ನೆರೆಹೊರೆ ಸೇರಿ ಮಾಡಬಹುದಾದ ಆರು ಕೆಲಸ

ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಡಿದಾಗ, ಕಿಕ್ಕಿರಿದ ಪೇಟೆಯಿಂದ ಜನ ಮಲ್ಲೇಶ್ವರ, ಬಸವನಗುಡಿ ಕಡೆಗೆ ಬಂದು ನೆಲೆಸಿದರು. ಗಾಳಿ ಬೆಳಕಿಗೆಂದು ಅಲ್ಲಿ ನೇರ ರಸ್ತೆಗಳಿದ್ದವು. ಮನೆಗಳ ಹಿಂದೆ ಶೌಚದ ಕೆಲಸದವರು ಓಡಾಡಲು ಕನ್ಸರ್ವೆನ್ಸಿ ಓಣಿಗಳಿದ್ದವು. ಇವತ್ತು ಹಲವೆಡೆ ಆ ರಸ್ತೆಬದಿಗಳಲ್ಲಿ ಕಾರುಗಳು ನಿಂತಿರುತ್ತವೆ, ಓಣಿಗಳಲ್ಲಿ ಕಟ್ಟಡದ ಅವಶೇಷ ಬಿದ್ದಿರುತ್ತದೆ. ಮೈಸೂರಿನ ಅಗ್ರಹಾರದಲ್ಲೋ ಹುಬ್ಬಳ್ಳಿಯ ಹಳೇ ಓಣಿಗಳಲ್ಲೋ ಇರುವವರಿಗೂ ಈ ನೋಟ ಹೊಸದಲ್ಲ.

ಬಳಸುವವರು ಇಲ್ಲದ ಜಾಗವೇ ಮೊದಲು ಹಾಳಾಗುವುದು. ಹಾಗಾಗಿ ಕೆಲಸ ಯಾವುದೇ ಇರಲಿ, ‘ಇದನ್ನು ನಾಳೆ ಬಳಸುವವರು ಯಾರು?’ ಎಂದು ಮೊದಲು ಕೇಳಿಕೊಳ್ಳಿ.

1. ನಡೆದು ನೋಡಿ, ಬರೆದಿಡಿ

ಬೆಳಿಗ್ಗೆ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಬೀದಿ ಸುತ್ತಿ. ಜೊತೆಗೆ ಒಬ್ಬ ಹಿರಿಯರು, ಒಬ್ಬ ಶಾಲಾ ಬಾಲಕಿ, ಸಾಧ್ಯವಾದರೆ ಗಾಲಿಕುರ್ಚಿ ಬಳಸುವವರೊಬ್ಬರು ಇರಲಿ. ನಿಮ್ಮ ಕಣ್ಣಿಗೆ ಬೀಳದ್ದು ಅವರ ಕಾಲಿಗೆ ತಗಲುತ್ತದೆ. ಅಳತೆ ಟೇಪ್ ಹಿಡಿದುಕೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು. ಎಲ್ಲಿ ಎಷ್ಟಿದೆ, ಯಾವ ಕಂಬದ ದೀಪ ಉರಿಯುತ್ತಿಲ್ಲ, ಎಲ್ಲಿ ಚರಂಡಿಯ ಚಪ್ಪಡಿ ಕಳಚಿದೆ ಎಂದು ಬರೆದುಕೊಳ್ಳಿ. ಹಳೇ ಬಾವಿ, ಅಶ್ವತ್ಥಕಟ್ಟೆ, ವಾಚನಾಲಯದಂಥ ಆಸ್ತಿಗಳನ್ನೂ ಗುರುತಿಸಿ.

2. ಮನೆ ಮಾಲೀಕರ ಸಭೆಯಷ್ಟೇ ಸಾಲದು

ಬಾಡಿಗೆದಾರರು, ಪಿ.ಜಿ.ಯಲ್ಲಿರುವ ಯುವಕರು, ಇಸ್ತ್ರಿ ಅಂಗಡಿಯವರು, ಹೂ-ಸೊಪ್ಪು ಮಾರುವವರು, ಆಟೊ ನಿಲ್ದಾಣದವರು, ಪೌರಕಾರ್ಮಿಕರು ಎಲ್ಲರನ್ನೂ ಕರೆಯಿರಿ. ವಾಟ್ಸ್‌ಆ್ಯಪ್ ಸಂದೇಶ ನೆಚ್ಚಿಕೊಳ್ಳದೆ ಮನೆಮನೆಗೆ, ಅಂಗಡಿ ಅಂಗಡಿಗೆ ಹೋಗಿ ಹೇಳಿ. ವ್ಯಾಪಾರದ ಹೊತ್ತಿನಲ್ಲಿ ಸಭೆ ಇಟ್ಟರೆ ಅಂಗಡಿಯವರು ಬರುವುದಿಲ್ಲ. ಹಣ ಸಂಗ್ರಹಿಸುವ ಹಂತ ಬಂದಾಗ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರಡಿ ಸಂಘ ನೋಂದಾಯಿಸಿ. ಅದಕ್ಕೆ ಕನಿಷ್ಠ ಏಳು ಜನ ಬೇಕು. ಲೆಕ್ಕವನ್ನು ಎಲ್ಲರಿಗೂ ಕಾಣುವ ಫಲಕದಲ್ಲಿ ಹಚ್ಚಿ.

3. ಒಂದೇ ಒಂದು ಮೂಲೆ ಹಿಡಿಯಿರಿ

ಮೊದಲ ಕೆಲಸ ಚಿಕ್ಕದಿರಲಿ, ಕಣ್ಣಿಗೆ ಕಾಣುವಂತಿರಲಿ. ಬೆಂಗಳೂರಿನಲ್ಲಿ 2010ರಲ್ಲಿ ಶುರುವಾದ ‘ದಿ ಅಗ್ಲಿ ಇಂಡಿಯನ್’ ಬಳಗದವರು ಹೆಸರು ಹೇಳಿಕೊಳ್ಳದೆ, ಭಾಷಣ ಮಾಡದೆ, ಒಂದೊಂದೇ ಕೊಳಕು ಜಾಗ ಸರಿಪಡಿಸುತ್ತ ಹೋದದ್ದು ಇದಕ್ಕೆ ಒಳ್ಳೆಯ ಮಾದರಿ. ಗೋಡೆಯ ಕೆಳಭಾಗಕ್ಕೆ ಅವರು ಬಳಿದ ಕೆಮ್ಮಣ್ಣಿನ ಬಣ್ಣದ ಪಟ್ಟಿ ನಗರದ ಹಲವೆಡೆ ಕಾಣುತ್ತದೆ.

ಕಸ ಬೀಳುವ ಮೂಲೆಯನ್ನು ಆರಿಸಿಕೊಂಡರೆ, ಪೊರಕೆ ಹಿಡಿಯುವ ಮೊದಲು ಕೆಲವು ದಿನ ಸುಮ್ಮನೆ ಗಮನಿಸಿ. ಬೆಳಿಗ್ಗೆ ಬೇಗ ಕೆಲಸಕ್ಕೆ ಹೊರಡುವವರಿಗೆ ಕಸದ ಆಟೊ ಸಿಗದೆ ಹೋಗಿರಬಹುದು, ಅಂಗಡಿ ಮುಚ್ಚುವ ಹೊತ್ತಿಗೆ ಗಾಡಿ ಬಾರದೆ ಇರಬಹುದು. ಪೌರಕಾರ್ಮಿಕರ ಜೊತೆ ಕೂತು ಗಾಡಿಯ ಸಮಯ ಹೊಂದಿಸಿ, ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುವ ಬಗ್ಗೆ ಆ ಮನೆಗಳಿಗೇ ಹೋಗಿ ಹೇಳಿ. ಆಮೇಲೆ ಗುಡಿಸಿ, ಸುಣ್ಣ ಬಳಿದು, ಕೂರಲು ಒಂದು ಕಲ್ಲುಬೆಂಚು ಹಾಕಿ. ಕಾರಣ ಸರಿಯಾಗದಿದ್ದರೆ ರಂಗೋಲಿ ಬಿಡಿಸಿದ ಜಾಗದಲ್ಲೂ ಮರುವಾರ ಕಸ ಬೀಳುತ್ತದೆ.

4. ಓಣಿ, ಬಾವಿ, ಮರ

ಮಲ್ಲೇಶ್ವರದಲ್ಲಿ ಕೆಲವು ಕನ್ಸರ್ವೆನ್ಸಿ ಓಣಿಗಳು ಚಿತ್ರ ಬರೆದ ಕಾಲುದಾರಿಗಳಾಗಿವೆ. ನಿಮ್ಮ ಓಣಿಯಲ್ಲಿ ಮೊದಲು ಅವಶೇಷ ತೆಗೆಸಿ, ಚರಂಡಿ ಸರಿಮಾಡಿಸಿ, ದೀಪ ಹಾಕಿಸಿ; ಬಣ್ಣ ಕೊನೆಗೆ, ಅದೂ ಗೋಡೆಯ ಮಾಲೀಕರನ್ನು ಕೇಳಿ.

ಕಬ್ಬನ್ ಪಾರ್ಕ್‌ನ ಹಳೇ ಬಾವಿಗಳ ಹೂಳು ತೆಗೆದು ನೀರು ಕಾಣಿಸಿದವರು ಬಾವಿ ತೋಡುವ ಮಣ್ಣು ವಡ್ಡರು. ಬಹಳ ಕಾಲ ಮುಚ್ಚಿದ್ದ ಬಾವಿಯಲ್ಲಿ ವಿಷಗಾಳಿ ಇರಬಹುದಾದ್ದರಿಂದ ಉತ್ಸಾಹಿಗಳು ತಾವೇ ಇಳಿಯಬಾರದು. ಅನುಭವಿಗಳಿಗೆ ಒಪ್ಪಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿಸಿ. ಚಾವಣಿಯ ಮಳೆನೀರನ್ನು ಸೋಸಿ ಬಾವಿಗೆ ಬಿಡಬಹುದು, ಬೀದಿಯ ಕೊಳಚೆ ನೀರನ್ನಲ್ಲ.

ಮರದ ಬುಡಕ್ಕೆ ಮೆತ್ತಿದ ಸಿಮೆಂಟ್ ಬಿಡಿಸುವಂತೆ ಪಾಲಿಕೆಯನ್ನು ಕೇಳಿ. ಮರ ಕಡಿಯಲು 1976ರ ಮರ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು.

5. ಕಚೇರಿಗೆ ಹೋಗುವಾಗ ಕಾಗದ ಸರಿಯಿರಲಿ

ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿ (1992) ಹೇಳುತ್ತದೆ. ನಿಮ್ಮ ವಾರ್ಡ್‌ನಲ್ಲಿ ಸಮಿತಿ ಸಭೆ ಯಾವಾಗ ಎಂದು ವಿಚಾರಿಸಿ; ರಚನೆಯೇ ಆಗಿಲ್ಲವೆಂದರೆ ಮೊದಲ ಅರ್ಜಿ ಅದರದ್ದೇ ಇರಲಿ. ಬೆಂಗಳೂರಿನಲ್ಲಿ 2025ರಿಂದ ಐದು ಪಾಲಿಕೆಗಳಿವೆ, ಹಾಗಾಗಿ ನಿಮ್ಮ ಬೀದಿ ಯಾವುದಕ್ಕೆ ಸೇರಿದೆ ಎಂದು ಖಚಿತ ಮಾಡಿಕೊಳ್ಳಿ.

ಒಂದು ಸಮಸ್ಯೆಗೆ ಒಂದೇ ಅರ್ಜಿ ಬರೆಯಿರಿ. ‘ರಸ್ತೆ ಹಾಳಾಗಿದೆ’ ಎಂದು ಬರೆದರೆ ಯಾರೂ ಹೊಣೆಯಾಗುವುದಿಲ್ಲ. ಯಾವ ಅಡ್ಡರಸ್ತೆ, ಯಾವ ಕಂಬದಿಂದ ಯಾವ ಕಂಬದವರೆಗೆ ಎಂದು ಬರೆದು ಫೋಟೊ, ಅಳತೆ, ನಿವಾಸಿಗಳ ಸಹಿ ಲಗತ್ತಿಸಿ. ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ, ಲಿಖಿತ ಹಿಂಬರಹ ಕೇಳಿ. ಪಾಲಿಕೆಯ ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ, ದೊಡ್ಡ ಕೆಲಸಗಳ ಪಟ್ಟಿಯನ್ನು ಅದಕ್ಕೂ ಮುಂಚೆ, ಬಜೆಟ್ ಸಿದ್ಧವಾಗುವ ಮೊದಲೇ ಕೊಟ್ಟುಬಿಡಿ. ಕಾಮಗಾರಿಯ ಅಂದಾಜುಪಟ್ಟಿ, ಕಾರ್ಯಾದೇಶ ಬೇಕಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಿ. ಉತ್ತರ ಕೊಡಲು 30 ದಿನಗಳ ಗಡುವಿದೆ.

6. ಬೀದಿಯನ್ನು ಖಾಲಿ ಮಾಡಿಸಬೇಡಿ, ತುಂಬಿಸಿ

‘ಚೆಂದ’ದ ಹೆಸರಿನಲ್ಲಿ ಗಾಡಿ ವ್ಯಾಪಾರಿಗಳನ್ನು ಎಬ್ಬಿಸುವುದು ಹಲವು ಕಡೆ ಕಾಣುವ ಎಡವಟ್ಟು. ಸಂಜೆ ಬೀದಿಯಲ್ಲಿ ಬೆಳಕು, ಜನ ಇರುವುದು ಬಹುಪಾಲು ಅವರಿಂದಲೇ. ಬೀದಿ ವ್ಯಾಪಾರಿಗಳ ಕಾಯ್ದೆ (2014) ಅವರಿಗೆ ರಕ್ಷಣೆ ಕೊಟ್ಟಿದೆ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸ್ಥಾನ ಅವರದ್ದೇ. ಅವರೊಂದಿಗೆ ಮಾತಾಡಿ, ನಡೆಯುವ ದಾರಿ ಬಿಟ್ಟು ಗಾಡಿ ನಿಲ್ಲಿಸಲು ಗೆರೆ ಎಳೆಯಿರಿ.

ಬಸವನಗುಡಿಯ ಕಡಲೆಕಾಯಿ ಪರಿಷೆ ಇವತ್ತಿಗೂ ಊರನ್ನೆಲ್ಲ ಒಂದು ರಸ್ತೆಗೆ ಎಳೆದು ತರುತ್ತದೆ. ನಿಮ್ಮ ಬೀದಿಯಲ್ಲೂ ವರ್ಷಕ್ಕೊಂದು ದಿನ, ಸಂಚಾರ ಪೊಲೀಸರ ಅನುಮತಿ ಪಡೆದು, ವಾಹನ ನಿಲ್ಲಿಸಿ. ಮಕ್ಕಳು ಕುಂಟೆಬಿಲ್ಲೆ ಆಡಲಿ. ಹಿರಿಯರು ಹಳೇ ಮನೆಗಳ ಮುಂದೆ ನಿಂತು ಅವುಗಳ ಕಥೆ ಹೇಳಲಿ.

ಕೊನೆಗೊಂದು ಎಚ್ಚರಿಕೆ. ಬೀದಿ ಸುಧಾರಿಸಿದರೆ ಬಾಡಿಗೆಯೂ ಏರುತ್ತದೆ. ದುಡಿದ ಬಾಡಿಗೆದಾರರೇ ಊರು ಬಿಡುವಂತಾದರೆ ಪಟ್ಟ ಶ್ರಮ ವ್ಯರ್ಥ. ಮನೆ ಮಾಲೀಕರೇ, ಈ ಮಾತನ್ನು ಮೊದಲ ಸಭೆಯಲ್ಲೇ ಚರ್ಚೆಗೆ ತನ್ನಿ.